ಊರಲ್ಲೇ ಫ್ಯಾಮಿಲಿ ಡಾಕ್ಟರ್ ಆಗ್ಬೇಕು, ಎಂಬಿಬಿಎಸ್ ಸಾಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವಳು):
ಎಂಬಿಬಿಎಸ್ ಓದು ಮುಗಿದು ಆಸ್ಪತ್ರೇಲಿ ತರಬೇತಿ (ಹೌಸ್‌ಸರ್ಜನ್ಸಿ) ನಡೀತಿದೆ, ಇದು ಕೊನೇ ತಿಂಗಳು. ಮನೇಲಿ ರೇಡಿಯಾಲಜಿ ಮಾಡು ಅಂತಾರೆ. ನನಗೆ ಊರಲ್ಲೇ ಇರೋ ಆಸೆ. ನಮ್ಮಜ್ಜಿಗೆ ಬಿಪಿ ನೋಡ್ತಿದ್ದ ಡಾಕ್ಟ್ರು ಮೊದಲು "ಅಡಿಕೆ ಕೊನೆಕೊಯ್ಲು ಮುಗೀತಾ ಅಮ್ಮ?" ಅಂತ ಕೇಳಿ, ಆಮೇಲೆ ತೋಳಿಗೆ ಪಟ್ಟಿ ಸುತ್ತುತ್ತಿದ್ರು. ಹಾಗೆ ಕೆಲಸ ಮಾಡ್ಬೇಕು.

ಉತ್ತರ (ಹೊಸನಗರ ಕಡೆ, 22 ವರ್ಷದ ಪ್ರಾಕ್ಟೀಸು):
ತಂಗಿ, ಎಂಬಿಬಿಎಸ್ ಜೊತೆ ಮೆಡಿಕಲ್ ಕೌನ್ಸಿಲ್ ನೋಂದಣಿ, ಕ್ಲಿನಿಕ್ಕಿಗೆ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ ರಾಜ್ಯ ಕಾಯ್ದೆ) ನೋಂದಣಿ ಇದ್ರೆ ಕಾನೂನಿಗೆ ಸಾಕು. ಆದರೂ ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆದು 3 ವರ್ಷದ ಡಿಎನ್‌ಬಿ (ಎಂಡಿ ಥರದ್ದೇ ಸ್ನಾತಕೋತ್ತರ ಪದವಿ) ಫ್ಯಾಮಿಲಿ ಮೆಡಿಸಿನ್ ಮಾಡು. ಮಕ್ಕಳು, ಹೆರಿಗೆ, ಸರ್ಜರಿ ಎಲ್ಲದರಲ್ಲೂ ಕೈ ಪಳಗುತ್ತೆ.

1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆ ಇನ್ನೂ ನಮ್ಮನ್ನ ಬಿಟ್ಟಿಲ್ಲ. ಜ್ವರ ಅಂತ ಬಂದವರನ್ನ ಕೇಳ್ಬೇಕು: ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಿದ್ರಾ? ಈ ಕಾಯಿಲೆ ಹರಡೋ ಉಣುಗು (ಉಣ್ಣೆಹುಳು) ಕಚ್ಚಿತ್ತಾ? ಶುರುವಿನ ವರ್ಷ ಒಬ್ಬ ಹೆಂಗಸಿಗೆ ಬರೀ ಜ್ವರದ ಮಾತ್ರೆ ಕೊಟ್ಟು ಕಳಿಸಿದ್ದೆ. ಮೂರನೇ ದಿನ ಒಸಡಲ್ಲಿ ರಕ್ತ ಬರ್ತಾ ವಾಪಸ್ ಬಂದ್ರು. ಬದುಕಿದ್ರು. ಆ ಮುಖ ಇವತ್ತಿಗೂ ಕಣ್ಣಮುಂದಿದೆ.

ಉತ್ತರ (ಆಗುಂಬೆ ಕಡೆಯ ಆಶಾ ಕಾರ್ಯಕರ್ತೆ):
ಬನ್ನಿ ಡಾಕ್ಟ್ರೇ. ಮಳೆಗಾಲದ ರಾತ್ರಿ ಘಾಟಿ ಇಳಿದು ಮಣಿಪಾಲ ಸೇರೋ ಪಾಡು ನಮಗೇ ಗೊತ್ತು.

ಪ್ರಶ್ನೆ ಕೇಳಿದವಳು:
ಅಪ್ಪಯ್ಯಂಗೆ ಓದಿ ಹೇಳ್ದೆ. "ಡಿಎನ್‌ಬಿ ಸೀಟು ಎಲ್ಲೆಲ್ಲಿದೆ ನೋಡು" ಅಂದ್ರು.