500 ವ್ಯಾಟ್ ಆಂಪ್, ಕ್ಲಾಂಪ್ ಮೀಟರಲ್ಲಿ ಬರೀ 107. ಉಳಿದಿದ್ದು ಎಲ್ಲಿ?

ಹಾಸನ_ಬಾಸ್
ಕಾರಿಗೆ ಹಾಕಿರೋ ಮೊನೋ ಕ್ಲಾಸ್-ಡಿ ಆಂಪ್ (ಆಂಪ್ಲಿಫೈಯರ್), 4 ಓಮ್‌ಗೆ 500 ವ್ಯಾಟ್ ಆರ್‌ಎಂಎಸ್ ಅಂತ ಮೈಮೇಲೆ ಬರೆದಿದೆ. 12 ಇಂಚಿನ 4 ಓಮ್ ಸಬ್‌ವೂಫರ್ (ಬಾಸ್ ಸ್ಪೀಕರ್), ಸೀಲ್ಡ್ ಬಾಕ್ಸ್ (ಪೂರ್ತಿ ಮುಚ್ಚಿದ ಪೆಟ್ಟಿಗೆ). ಇಂಜಿನ್ ಓಡಿಸಿಟ್ಟು 45 ಹರ್ಟ್ಸ್ ಸೈನ್ ಟೋನ್, 0 ಡಿಬಿ (ಪೂರ್ತಿ ಮಟ್ಟದ) ಫೈಲ್ ಹಾಕಿದೆ. ಆಂಪಿನ ಸ್ಪೀಕರ್ ಟರ್ಮಿನಲ್ಲಲ್ಲಿ 41 ವೋಲ್ಟ್ ಎಸಿ, ಸ್ಪೀಕರ್ ವೈರಿನ ಒಂದು ಎಳೆಗೆ ಕ್ಲಾಂಪ್ (ವೈರನ್ನ ದವಡೆಯಲ್ಲಿ ಹಿಡಿದು ಕರೆಂಟ್ ಅಳೆಯೋ ಮೀಟರ್) ಹಾಕಿದ್ರೆ 2.6 ಆಂಪಿಯರ್. ಗುಣಿಸಿದ್ರೆ 107. ಬ್ಯಾಟರಿಯಿಂದ ಬರೋ ಕೆಂಪು ವೈರಿಗೆ ಹಾಕಿದ್ರೆ ಸೊನ್ನೆ! ಆಂಪ್ ಡೂಪ್ಲಿಕೇಟಾ, ಮೀಟರ್ ಕೆಟ್ಟಿದೆಯಾ?

ಗಿರಿ_ವೈರಿಂಗ್ (ಚಿಕ್ಕಮಗಳೂರು)
ಎರಡೂ ಅಲ್ಲ ಸರ್. 41ನ್ನ 2.6ರಿಂದ ಭಾಗಿಸಿ ನೋಡಿ: 15.8 ಓಮ್. ಆಂಪಿಗೆ ಸಿಕ್ಕಿರೋ ಲೋಡ್ 4 ಓಮ್ ಅಲ್ವೇ ಅಲ್ಲ. ಸೀಲ್ಡ್ ಬಾಕ್ಸಲ್ಲಿ ಕೋನ್ ತನ್ನ ಸಹಜ ಕಂಪನದ ಹತ್ತಿರ ಬಂದಾಗ ವಾಯ್ಸ್ ಕಾಯಿಲ್ಲೇ ಜನರೇಟರ್ ಥರ ಎದುರು ವೋಲ್ಟೇಜ್ ಹುಟ್ಟಿಸುತ್ತೆ, ಕರೆಂಟ್ ಒಳಗೆ ಹೋಗೋಕೆ ಬಿಡಲ್ಲ. 12 ಇಂಚಿನ ಸಬ್‌ಗೆ ಆ ಜಾಗ ಸಾಮಾನ್ಯವಾಗಿ 40–50 ಹರ್ಟ್ಸ್ ಸುತ್ತಮುತ್ತ. ನೀವು ಸರಿಯಾಗಿ ಗುಡ್ಡದ ತುದಿಯಲ್ಲೇ ನಿಂತು ಅಳೆದಿದ್ದೀರಿ.

41 ವೋಲ್ಟನ್ನ ನಿಜವಾದ 4 ಓಮ್ ಮೇಲೆ ಲೆಕ್ಕ ಹಾಕಿದ್ರೆ 41×41÷4, ಅಂದ್ರೆ 420 ವ್ಯಾಟ್. 500 ಆಗೋಕೆ 44.7 ವೋಲ್ಟ್ ಬೇಕು. ಹುಡುಕಬೇಕಿರೋದು ಈ ಮೂರೂ ಮುಕ್ಕಾಲು ವೋಲ್ಟನ್ನ. (ಲೋಡ್ ಹಗುರ ಇದ್ದಾಗ ಸಿಕ್ಕ ವೋಲ್ಟೇಜು, 4 ಓಮ್‌ಗೆ ಇದಕ್ಕಿಂತ ಸ್ವಲ್ಪ ಕುಸಿಯುತ್ತೆ.)

ಕೆಂಪು ವೈರಲ್ಲಿ ಸೊನ್ನೆ ಬಂದಿದ್ದು ಸರಿಯೇ. ನಿಮ್ಮದು ಎಸಿ-ಮಾತ್ರ ಕ್ಲಾಂಪ್, ದವಡೆಯೊಳಗೆ ಟ್ರಾನ್ಸ್‌ಫಾರ್ಮರ್ ಸುರುಳಿ ಇರುತ್ತೆ, ಡಿಸಿ ಅದಕ್ಕೆ ಕಾಣಲ್ಲ. ಹಾಲ್ ಸೆನ್ಸರ್ (ಕಾಂತಕ್ಷೇತ್ರ ಗುರುತಿಸೋದು) ಇರೋ ಡಿಸಿ ಕ್ಲಾಂಪ್ ಬೇಕು, ಅದನ್ನೂ ವೈರಿಗೆ ಹಾಕೋ ಮುಂಚೆ ಝೀರೋ ಮಾಡ್ಕೋಬೇಕು. ಇನ್ನೊಂದು, 400 ಆಂಪಿಯರ್ ರೇಂಜಿನ ಮೀಟರಲ್ಲಿ 2.6ನ್ನ ಪೂರ್ತಿ ನಂಬಬೇಡಿ. ಅದೇ ಎಳೆಯನ್ನ ದವಡೆಯೊಳಗೆ 5 ಸುತ್ತು ಹಾಯಿಸಿ, ಬಂದಿದ್ದನ್ನ 5ರಿಂದ ಭಾಗಿಸಿ.

ಸಕ್ಲೇಶ್ಪುರ_ಘಾಟಿ
ವೋಲ್ಟ್ × ಆಂಪಿಯರ್ ಅಂದ್ರೆ ವಿಎ (ವೋಲ್ಟ್-ಆಂಪಿಯರ್), ವ್ಯಾಟ್ ಅಲ್ಲ. ಇಂಪೀಡೆನ್ಸಿನ (ಎಸಿಗೆ ಸಿಗೋ ಒಟ್ಟು ತಡೆ) ತುದಿಯಲ್ಲಿ ಫೇಸ್ ಕೋನ (ವೋಲ್ಟ್-ಕರೆಂಟ್ ಅಲೆಗಳ ನಡುವಿನ ಅಂತರ) ಸೊನ್ನೆಯ ಹತ್ತಿರ ಇರೋದ್ರಿಂದ ಇಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ. 30 ಹರ್ಟ್ಸಲ್ಲೋ 70ರಲ್ಲೋ ಅಳೆದ್ರೆ ವಿಎ ಜಾಸ್ತಿ ತೋರಿಸುತ್ತೆ, ನಿಜವಾದ ವ್ಯಾಟ್ ಅದಕ್ಕಿಂತ ಕಮ್ಮಿ.

ಡಮ್ಮಿ ಲೋಡ್‌ಗೆ (ಅಳೆಯೋಕೆ ಸ್ಪೀಕರ್ ಬದಲು ಹಾಕೋ ರೆಸಿಸ್ಟೆನ್ಸ್) ನೀರು ಕಾಯಿಸೋ ರಾಡ್ ಆಗಲ್ವಾ?

ಗಿರಿ_ವೈರಿಂಗ್
1500 ವ್ಯಾಟಿನ ರಾಡ್ ಅಂದ್ರೆ 35 ಓಮ್. 4 ಓಮ್ ಮಾಡೋಕೆ ಒಂಬತ್ತು ರಾಡ್ ಪ್ಯಾರಲಲ್ ಹಾಕ್ಬೇಕು, ಕಾರಿನ ಡಿಕ್ಕಿ ಕಲ್ಯಾಣಮಂಟಪದ ಅಡುಗೆಮನೆ ಆಗುತ್ತೆ. 100 ವ್ಯಾಟಿನ 4 ಓಮ್ ಅಲ್ಯೂಮಿನಿಯಂ ಕವಚದ ರೆಸಿಸ್ಟರ್ ನಾಲ್ಕು ತಗೊಂಡು, ಎರಡೆರಡು ಸೀರೀಸ್, ಆ ಎರಡು ಜೋಡಿ ಪ್ಯಾರಲಲ್. ಹೀಟ್‌ಸಿಂಕಿಗೆ ಬಿಗಿದು 3 ಸೆಕೆಂಡ್ ಟೋನ್ ಕೊಡಿ, ಸಾಕು.

ಬಾಸ್, ಅದಕ್ಕೂ ಮುಂಚೆ ಟೋನ್ ಓಡ್ತಿರುವಾಗಲೇ ಮೂರು ಕಡೆ ಡಿಸಿ ವೋಲ್ಟ್ ನೋಡಿ: ಬ್ಯಾಟರಿ ಮೇಲೆ, ಆಂಪಿನ ಪವರ್ ಟರ್ಮಿನಲ್ ಮೇಲೆ, ಆಮೇಲೆ ಬ್ಯಾಟರಿ ನೆಗೆಟಿವ್‌ನಿಂದ ಆಂಪಿನ ಗ್ರೌಂಡ್ ಟರ್ಮಿನಲ್‌ಗೆ.

ಹಾಸನ_ಬಾಸ್
13.8, 12.8, 0.8. ಗ್ರೌಂಡ್ ಹಿಂದಿನ ಸೀಟಿನ ಬೋಲ್ಟಿಗೆ ಕಟ್ಟಿದೆ, ಲಗ್ (ವೈರಿನ ತುದಿಯ ಲೋಹದ ಬಳೆ) ಕೆಳಗೆ ಪೇಂಟ್ ಹಾಗೇ ಇದೆ.

ಗಿರಿ_ವೈರಿಂಗ್
ಸಿಕ್ತು. 107 ವ್ಯಾಟ್ ಹೊರಗೆ ಬರೋಕೆ ಆಂಪ್ ಎಳೀತಿರೋದು ಸುಮಾರು 10.5 ಆಂಪಿಯರ್ ಅಷ್ಟೇ (ದಕ್ಷತೆ 80% ಅಂತಿಟ್ಕೊಳ್ಳಿ). ಅಷ್ಟಕ್ಕೇ ಗ್ರೌಂಡ್ ಕಡೆ 0.8 ವೋಲ್ಟ್ ಹೋದ್ರೆ 70 ಮಿಲಿಓಮ್‌ಗಿಂತ ಜಾಸ್ತಿ ರೆಸಿಸ್ಟೆನ್ಸ್. ನಿಜವಾದ 4 ಓಮ್ ಲೋಡಲ್ಲಿ 40 ಆಂಪಿಯರ್ ಎಳೆದಿದ್ರೆ ಅಲ್ಲೇ 3 ವೋಲ್ಟ್ ಮಾಯ, ಆಂಪ್ ಪ್ರೊಟೆಕ್ಟ್‌ಗೆ (ತಾನೇ ಆಫ್ ಆಗೋ ರಕ್ಷಣೆಗೆ) ಹೋಗ್ತಿತ್ತು. ಬಾಕ್ಸ್ ಕರೆಂಟ್ ತಡೆದು ನಿಮ್ಮ ತಪ್ಪನ್ನ ಮುಚ್ಚಿಟ್ಟಿತ್ತು.

ಬ್ಯಾಟರಿ ನೆಗೆಟಿವ್ ಕಳಚಿ. ಲಗ್ ಕೂರೋಷ್ಟು ಜಾಗದಲ್ಲಿ ಪೇಂಟ್ ಕೆರೆದು ಬಿಳಿ ಲೋಹ ಕಾಣಿಸ್ಬೇಕು. ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಸೀಟ್ ಬೆಲ್ಟಿನ ಬೋಲ್ಟ್ ಮುಟ್ಟಬೇಡಿ. ಹೊಸ ತೂತು ಹೊಡೆಯೋದಾದ್ರೆ ಕಾರಿನ ಕೆಳಗೆ ಬಗ್ಗಿ ಪೆಟ್ರೋಲ್ ಟ್ಯಾಂಕ್ ಎಲ್ಲಿದೆ ಅಂತ ಮೊದಲು ನೋಡಿ.

ಹಾಸನ_ಬಾಸ್
ಗ್ರೌಂಡ್ ಈಗ 0.03. ಗೇನ್ (ಆಂಪ್ ಸಿಗ್ನಲ್ ಎಷ್ಟು ಹಿಗ್ಗಿಸ್ಬೇಕು ಅನ್ನೋ ಸ್ಕ್ರೂ) ಮುಟ್ಟಿಲ್ಲ, ಔಟ್‌ಪುಟ್ 43.5 ವೋಲ್ಟ್ ಆಯ್ತು.

ಸಕ್ಲೇಶ್ಪುರ_ಘಾಟಿ
ಗೇನ್ ಮುಟ್ಟದೆ ಏರಿದೆ ಅಂದ್ರೆ ಮುಂಚೆ ಅಲೆಯ ತಲೆ ಚಪ್ಪಟೆಯಾಗಿ ಕ್ಲಿಪ್ ಆಗ್ತಿತ್ತು. ಈಗಲೂ ಆಗ್ತಿರಬಹುದು. ಆಸಿಲ್ಲೋಸ್ಕೋಪ್ ಬೇಡ, ಅದೇ ಟೋನಿನ −6 ಡಿಬಿ ಫೈಲ್ ಹಾಕಿ. ವೋಲ್ಟ್ ಸರಿಯಾಗಿ ಅರ್ಧಕ್ಕೆ ಇಳೀಬೇಕು. ಹೆಡ್ ಯೂನಿಟಲ್ಲಿ (ಕಾರಿನ ಸ್ಟೀರಿಯೋ) ಬಾಸ್ ಬೂಸ್ಟ್, ಲೌಡ್‌ನೆಸ್ ಎಲ್ಲ ಆಫ್ ಇರಲಿ.

ಹಾಸನ_ಬಾಸ್
−6ಕ್ಕೆ 23.8 ಬರ್ತಿದೆ. ಅರ್ಧ ಅಂದ್ರೆ 21.7 ಬರ್ಬೇಕಿತ್ತು.

ಸಕ್ಲೇಶ್ಪುರ_ಘಾಟಿ
ಹಂಗಾದ್ರೆ 0 ಡಿಬಿಲಿ ಅದು 47.6 ಕೊಡೋಕೆ ಹೋಗಿ 43.5ಕ್ಕೆ ತಲೆ ಗುದ್ದಿಕೊಳ್ತಿದೆ. −6 ಫೈಲಲ್ಲಿ 21 ವೋಲ್ಟ್ ಬರೋವರೆಗೆ ಗೇನ್ ಇಳಿಸಿ, ಆಮೇಲೆ 0 ಹಾಕಿ.

ಹಾಸನ_ಬಾಸ್
21.0, 42.0. ಐದು ಸುತ್ತು ಹಾಕಿ ನೋಡಿದ್ರೆ 13.3, ಅಂದ್ರೆ 2.66 ಆಂಪಿಯರ್.

ಗಿರಿ_ವೈರಿಂಗ್
ಅಲ್ಲಿಗೆ 4 ಓಮ್ ಲೆಕ್ಕದಲ್ಲಿ 441, ಕ್ಲಿಪ್ ಇಲ್ಲದೆ. ಗೇನ್ ಸ್ಕ್ರೂ ಪಕ್ಕ ಮಾರ್ಕರಲ್ಲಿ ಗೆರೆ ಎಳೆದಿಡಿ. ಮಳೆಗಾಲ ಕಳೆದ ಮೇಲೆ ಆ 0.03ನ್ನ ಇನ್ನೊಂದ್ಸಲ ನೋಡಿ. ನಮ್ಮ ಕಡೆ ಮಳೆಗೆ ಕೆರೆದ ಜಾಗ ಬೇಗ ತುಕ್ಕು ಹಿಡಿಯುತ್ತೆ.