ಧರ್ಮಸಭೆಯ ದಾಖಲೆಗಳಲ್ಲಿ ಯಾವುದಕ್ಕೆ ಎಷ್ಟು ಅಧಿಕಾರ?

ಪ್ರಶ್ನೆ

ಎಲ್ಲರಿಗೂ ಪ್ರಣಾಮಗಳು. ನಾನು ವಯಸ್ಕಳಾದ ಮೇಲೆ ದೀಕ್ಷಾಸ್ನಾನ ಪಡೆದವಳು. ಚಿಕ್ಕಂದಿನಿಂದಲೇ ಕಥೋಲಿಕರಾಗಿ ಬೆಳೆದವರಿಗೆ ಕೇಳಿ ಕೇಳಿಯೇ ಬರುವ ತಿಳಿವಳಿಕೆಯನ್ನು ನಾನು ಓದಿಯೇ ಪಡೆಯಬೇಕಾಗಿದೆ. ಹಾಗೆ ಓದುತ್ತಿರುವ ನಮ್ಮ ಅಧ್ಯಯನದ ಗುಂಪಿನಲ್ಲಿ ಕೆಲವು ವಾರಗಳಿಂದ ಒಂದು ವಾದ ನಡೆಯುತ್ತಿದ್ದು, ಅದು ನನ್ನ ಮನಸ್ಸನ್ನು ಕದಡಿದೆ.

ಹಿರಿಯರೊಬ್ಬರು ಹೇಳುವುದು ಹೀಗೆ: 1854ರಲ್ಲಿ ಒಂಬತ್ತನೇ ಪಿಯುಸ್ ಅವರು ಮಾತೆ ಮರಿಯಳ ಅಮಲೋದ್ಭವವನ್ನೂ (ಆಕೆ ಜನ್ಮಪಾಪವಿಲ್ಲದೆ ಗರ್ಭದಲ್ಲಿ ರೂಪುಗೊಂಡಳೆಂಬುದನ್ನೂ), 1950ರಲ್ಲಿ ಹನ್ನೆರಡನೇ ಪಿಯುಸ್ ಅವರು ಆಕೆಯ ಸ್ವರ್ಗಸ್ವೀಕಾರವನ್ನೂ (ಆಕೆಯನ್ನು ದೇಹಾತ್ಮ ಸಮೇತ ಸ್ವರ್ಗಕ್ಕೆ ಎತ್ತಿಕೊಳ್ಳಲಾಯಿತೆಂಬುದನ್ನೂ) ವಿಶ್ವಾಸದ ಸತ್ಯಗಳೆಂದು ಘೋಷಿಸಿದರು, ತಪ್ಪಲಾಗದ ಬೋಧನೆಯೆಂದರೆ ಅವೆರಡೇ, ಉಳಿದದ್ದೆಲ್ಲ ಆಯಾ ಪೋಪರ ಅಭಿಪ್ರಾಯ. ಇನ್ನೊಬ್ಬರು ಇದಕ್ಕೆ ತೀರ ವಿರುದ್ಧವಾಗಿ, ಪೋಪರು ಎಲ್ಲಿ ಏನು ಹೇಳಿದರೂ ಅದನ್ನು ಮರುಮಾತಿಲ್ಲದೆ ಒಪ್ಪಬೇಕು ಎನ್ನುತ್ತಾರೆ.

ನನಗೆ ಎರಡೂ ಸರಿಯೆನಿಸುತ್ತಿಲ್ಲ. ಪರಿಸರವನ್ನು ಕುರಿತ 2015ರ ‘ಲೌದಾತೊ ಸಿ’ ಪರಿಪತ್ರವನ್ನು (ಪೋಪರು ಇಡೀ ಧರ್ಮಸಭೆಗೆ ಬರೆಯುವ ಬೋಧನಾ ಪತ್ರ) ಓದುವಾಗ, ಅನೇಕ ನಿರ್ದಿಷ್ಟ ಪ್ರಶ್ನೆಗಳಲ್ಲಿ ಅಂತಿಮ ಅಭಿಪ್ರಾಯ ಕೊಡಲು ಧರ್ಮಸಭೆಗೆ ಕಾರಣವಿಲ್ಲ ಎಂದು ಪೋಪ್ ಫ್ರಾನ್ಸಿಸ್ ಅವರೇ 61ನೇ ಪರಿಚ್ಛೇದದಲ್ಲಿ ಹೇಳಿರುವುದನ್ನು ಕಂಡೆ. ಆದರೆ ಗುರುದೀಕ್ಷೆ ಪುರುಷರಿಗೆ ಮಾತ್ರ ಎಂದು ಹೇಳುವ 1994ರ ‘ಓರ್ದಿನಾಸಿಯೊ ಸಾಚೆರ್ದೊತಾಲಿಸ್’ ಕೆಲವೇ ಪುಟಗಳ ಒಂದು ಪ್ರೇಷಿತ ಪತ್ರ. ಹೆಸರಿನಲ್ಲಿ ಪರಿಪತ್ರಕ್ಕಿಂತ ಕೆಳಗಿನದು. ಆದರೂ ಅದರ ಬೋಧನೆಯನ್ನು ಅಂತಿಮವೆಂದು ಪಾಲಿಸಬೇಕೆಂದು ನಮಗೆ ಕಲಿಸಿದ್ದಾರೆ. ಹಾಗಾದರೆ ದಾಖಲೆಯ ತೂಕವನ್ನು ಅಳೆಯುವುದು ಯಾವುದರಿಂದ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ಸಹೋದರಿ, ನಿಮ್ಮ ಪ್ರಶ್ನೆಯ ಕೊನೆಯಲ್ಲಿರುವ ಉದಾಹರಣೆಯಲ್ಲೇ ಅರ್ಧ ಉತ್ತರ ಅಡಗಿದೆ. ದಾಖಲೆಯ ಹೆಸರು ಒಂದು ಸುಳಿವು ಮಾತ್ರ. ಪ್ರೇಷಿತ ಸಂವಿಧಾನ, ಪರಿಪತ್ರ, ಪ್ರಬೋಧನೆ, ಪ್ರೇಷಿತ ಪತ್ರ, ಮೋತು ಪ್ರೊಪ್ರಿಯೊ (ಪೋಪರು ಸ್ವತಃ ತಾವಾಗಿಯೇ ಹೊರಡಿಸುವ ಆದೇಶ) ಎಂಬ ಹೆಸರುಗಳು ಆ ಬರಹವನ್ನು ಯಾವ ಉದ್ದೇಶಕ್ಕೆ, ಎಷ್ಟು ಗಂಭೀರವಾದ ಸಂದರ್ಭದಲ್ಲಿ ಹೊರಡಿಸಲಾಯಿತು ಎಂಬುದನ್ನು ತಿಳಿಸುತ್ತವೆ. ಆದರೆ ಒಂದೇ ಪರಿಪತ್ರದೊಳಗೆ ವಿಶ್ವಾಸದ ಸತ್ಯವೂ, ನೈತಿಕ ಬೋಧನೆಯೂ, ಆ ಕಾಲದ ಆರ್ಥಿಕ ಸ್ಥಿತಿಯ ವಿಶ್ಲೇಷಣೆಯೂ, ವಿನಮ್ರವಾದ ಸಲಹೆಯೂ ಇರಬಹುದು, ಮತ್ತು ಅವೆಲ್ಲವೂ ಒಂದೇ ಮುದ್ರೆಯ ಕೆಳಗೆ ಬಂದಿವೆಯೆಂಬ ಕಾರಣಕ್ಕೆ ಒಂದೇ ತೂಕದವಾಗುವುದಿಲ್ಲ.

ಇದಕ್ಕೆ ಅಳತೆಗೋಲನ್ನು ಎರಡನೇ ವ್ಯಾಟಿಕನ್ ಮಹಾಸಭೆಯೇ (1962ರಿಂದ 1965ರವರೆಗೆ ಲೋಕದ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಪೋಪರೊಂದಿಗೆ ಸೇರಿ ನಡೆಸಿದ ಸಭೆ) ಕೊಟ್ಟಿದೆ. 1964ರ ನವೆಂಬರ್ 21ರಂದು ಪ್ರಕಟವಾದ ‘ಲೂಮೆನ್ ಜೆಂಸಿಯುಂ’ ಸಂವಿಧಾನದ 25ನೇ ಪರಿಚ್ಛೇದವು, ಪೋಪರ ಮನಸ್ಸು ಮತ್ತು ಇಂಗಿತವನ್ನು ಮೂರು ಗುರುತುಗಳಿಂದ ತಿಳಿಯಬೇಕೆನ್ನುತ್ತದೆ: ದಾಖಲೆ ಯಾವ ಬಗೆಯದು, ಅದೇ ಬೋಧನೆಯನ್ನು ಎಷ್ಟು ಬಾರಿ ಹೇಳಲಾಗಿದೆ, ಯಾವ ಬಗೆಯ ಮಾತುಗಳಲ್ಲಿ ಹೇಳಲಾಗಿದೆ. ದಾಖಲೆಯ ಬಗೆ ಈ ಮೂರರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ.

ಈ ಅಳತೆಯಿಂದ 1994ರ ಪತ್ರವನ್ನು ನೋಡೋಣ. ಅದು ಚಿಕ್ಕದು, ನಿಜ. ಆದರೆ ಎರಡನೇ ಜಾನ್ ಪೌಲ್ ಅವರು ಅದರಲ್ಲಿ, ಸೋದರರನ್ನು ವಿಶ್ವಾಸದಲ್ಲಿ ದೃಢಪಡಿಸುವ ತಮ್ಮ ಸೇವೆಯ ಬಲದಿಂದ ಮಾತನಾಡುತ್ತಿರುವುದಾಗಿ ಹೇಳಿ, ಈ ತೀರ್ಮಾನವನ್ನು ಎಲ್ಲ ವಿಶ್ವಾಸಿಗಳೂ ಅಂತಿಮವೆಂದು ಪಾಲಿಸಬೇಕು ಎನ್ನುತ್ತಾರೆ. ಮುಂದಿನ ವರ್ಷ, ಬೋಧನೆಯ ವಿಷಯಗಳನ್ನು ನೋಡಿಕೊಳ್ಳುವ ವ್ಯಾಟಿಕನ್ನಿನ ಕಚೇರಿಯಾದ ವಿಶ್ವಾಸ ಬೋಧನೆಯ ಆಯೋಗವು ಇನ್ನಷ್ಟು ಸ್ಪಷ್ಟಪಡಿಸಿತು: ಈ ಬೋಧನೆ ತಪ್ಪಲಾಗದ್ದಾಗಿರುವುದು ಪತ್ರವು ಹೊಸದಾಗಿ ಘೋಷಿಸಿದ್ದರಿಂದಲ್ಲ, ಧರ್ಮಾಧ್ಯಕ್ಷರೆಲ್ಲರೂ ಪೋಪರೊಂದಿಗೆ ಸೇರಿ ಸದಾಕಾಲ ಕಲಿಸುತ್ತ ಬಂದದ್ದರಿಂದ. ಪತ್ರ ಅದನ್ನು ದೃಢಪಡಿಸಿತು, ಅಷ್ಟೇ. ನಿಮ್ಮ ಗುಂಪಿನ ಹಿರಿಯರು ಬಿಟ್ಟುಬಿಟ್ಟಿರುವುದು ಇದನ್ನೇ. 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ವಿವರಿಸಿದ ಪೋಪರ ಗಂಭೀರ ಘೋಷಣೆ ತಪ್ಪಲಾಗದ ಬೋಧನೆಯ ಒಂದು ದಾರಿ ಮಾತ್ರ. ಮಹಾಸಭೆಗಳ ಘೋಷಣೆಗಳು ಇನ್ನೊಂದು, ಲೋಕದಾದ್ಯಂತ ಚದುರಿರುವ ಧರ್ಮಾಧ್ಯಕ್ಷರು ಒಮ್ಮತದಿಂದ ಅಂತಿಮವೆಂದು ಕಲಿಸುವ ಬೋಧನೆ ಮತ್ತೊಂದು. ಕ್ರಿಸ್ತರು ನಿಜ ದೇವರೂ ನಿಜ ಮಾನವರೂ ಆಗಿದ್ದಾರೆಂಬ ಸತ್ಯವನ್ನು ಘೋಷಿಸಿದ್ದು 451ರ ಖಾಲ್ಸೆದೋನ್ ಮಹಾಸಭೆ; ಅದನ್ನು ಯಾರೂ ಅಭಿಪ್ರಾಯವೆಂದು ಕರೆಯಲಾರರು.

ಗುಂಪಿನ ಇನ್ನೊಬ್ಬರಿಗೂ ಒಂದು ಮಾತು ಹೇಳಬೇಕು. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರವೂ ಮಹಾಸಭೆಯ ಸಂವಿಧಾನವೂ ಒಂದೇ ಆಗಲು ಸಾಧ್ಯವಿಲ್ಲ. ಹದಿನಾರನೇ ಬೆನೆಡಿಕ್ಟ್ ಅವರು 2007ರಲ್ಲಿ ಯೇಸುಸ್ವಾಮಿಯ ಕುರಿತು ಪುಸ್ತಕ ಪ್ರಕಟಿಸಿದಾಗ, ಅದು ಬೋಧನಾಧಿಕಾರದ (ಪೋಪರು ಮತ್ತು ಧರ್ಮಾಧ್ಯಕ್ಷರು ಧರ್ಮಸಭೆಯ ಪರವಾಗಿ ಅಧಿಕೃತವಾಗಿ ಕಲಿಸುವ ಅಧಿಕಾರ) ಕಾರ್ಯವಲ್ಲವೆಂದೂ ತಮ್ಮನ್ನು ವಿರೋಧಿಸಲು ಓದುಗರು ಸ್ವತಂತ್ರರೆಂದೂ ಮುನ್ನುಡಿಯಲ್ಲಿ ಬರೆದರು. ಪೋಪರೇ ಕೊಟ್ಟ ಆ ಸ್ವಾತಂತ್ರ್ಯವನ್ನು ಅವರ ಗೌರವದ ಹೆಸರಿನಲ್ಲಿ ನಾವು ಕಸಿದುಕೊಳ್ಳುವುದು ಸರಿಯಲ್ಲ.

ಉತ್ತರ 2

ಮೇಲಿನ ಉತ್ತರದಲ್ಲಿರುವ ಸಂಗತಿಗಳನ್ನು ನಾನು ಒಪ್ಪುತ್ತೇನೆ. ಆದರೂ ತೂಕ, ಅಳತೆ ಎಂಬ ಮಾತುಗಳು ಹೆಚ್ಚಾದಾಗ ನನಗೆ ಆತಂಕವಾಗುತ್ತದೆ. ಏಕೆಂದರೆ ಬಹಳ ಬೇಗ ಆ ಪ್ರಶ್ನೆ ‘ಎಷ್ಟನ್ನು ನಂಬಿದರೆ ಸಾಕು’ ಎಂಬುದಕ್ಕೆ ಇಳಿಯುತ್ತದೆ. ತಪ್ಪಲಾಗದ್ದೆಂದು ಘೋಷಿಸದ ಬೋಧನೆಗೂ ವಿಶ್ವಾಸಿ ಸಲ್ಲಿಸಬೇಕಾದದ್ದು ಒಂದಿದೆ. ‘ಲೂಮೆನ್ ಜೆಂಸಿಯುಂ’ ಅದಕ್ಕೆ ಲತೀನಿನಲ್ಲಿ ‘ಒಬ್ಸೇಕ್ವಿಯುಂ’ ಎಂಬ ಪದವನ್ನು ಬಳಸುತ್ತದೆ. ಈ ಪದದ ಅನುವಾದದಲ್ಲೇ ಅರ್ಧ ಜಗಳ ಹುಟ್ಟಿದೆ. ಕೆಲವರು ಅದನ್ನು ಅಧೀನತೆಯೆಂದೂ ಕೆಲವರು ಗೌರವವೆಂದೂ ತಿಳಿಯುತ್ತಾರೆ. ಕನ್ನಡದಲ್ಲಿ ಶರಣಾಗತಿ ಎಂದರೆ ಅತಿಯಾಯಿತು, ಆ ಮಾತು ದೇವರಿಗೆ ಮಾತ್ರ ಸಲ್ಲುವಂಥದ್ದು. ಬರಿಯ ಗೌರವ ಎಂದರೆ ಕಡಿಮೆಯಾಯಿತು, ಏಕೆಂದರೆ ಒಪ್ಪದ ಮಾತನ್ನೂ ಗೌರವದಿಂದ ಕೇಳಬಹುದು. ಬುದ್ಧಿ ಮತ್ತು ಸಂಕಲ್ಪ ಎರಡೂ ಬಾಗಿ ಒಪ್ಪಿಕೊಳ್ಳುವ ವಿಧೇಯತೆ ಎಂದರೆ ಮೂಲಕ್ಕೆ ಹತ್ತಿರವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಹಾಗೆಂದು ಮನಸ್ಸಿನಲ್ಲಿ ಏಳುವ ಕಷ್ಟವನ್ನು ಅದುಮಿಡಬೇಕೆಂದಲ್ಲ. 1990ರಲ್ಲಿ ವಿಶ್ವಾಸ ಬೋಧನೆಯ ಆಯೋಗ ಹೊರಡಿಸಿದ ‘ದೋನುಂ ವೆರಿತಾತಿಸ್’ ಎಂಬ ಸೂಚನೆ, ಅಂತಿಮವಲ್ಲದ ಬೋಧನೆಯೊಂದನ್ನು ಒಪ್ಪಲು ಪ್ರಾಮಾಣಿಕವಾಗಿ ಕಷ್ಟಪಡುವ ದೈವಶಾಸ್ತ್ರಜ್ಞನ ಸ್ಥಿತಿಯನ್ನು ನೇರವಾಗಿ ಎತ್ತಿಕೊಂಡು, ಆತ ಮತ್ತೆ ಮತ್ತೆ ಅಧ್ಯಯನ ಮಾಡಬೇಕು, ತನ್ನ ಕಷ್ಟವನ್ನು ಅಧಿಕಾರಿಗಳ ಮುಂದಿಡಬೇಕು, ಸಮೂಹ ಮಾಧ್ಯಮಗಳ ಮೂಲಕ ಒತ್ತಡ ತರಬಾರದು ಎನ್ನುತ್ತದೆ. ಕೃತಕ ಗರ್ಭನಿರೋಧವನ್ನು ತಪ್ಪೆಂದ 1968ರ ‘ಹುಮಾನೆ ವೀತೆ’ ಪರಿಪತ್ರದ ನಂತರ ಎದ್ದ ಬಿರುಗಾಳಿಯನ್ನು ನೆನೆದರೆ, ಈ ಮಾತಿನ ಹಿಂದಿರುವ ನೋವು ಅರ್ಥವಾಗುತ್ತದೆ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಬಿಡಿಸಬೇಕು. ಕ್ರೈಸ್ತ ಐಕ್ಯವನ್ನು ಕುರಿತ ಮಹಾಸಭೆಯ ಆದೇಶದ 11ನೇ ಪರಿಚ್ಛೇದದಲ್ಲಿ ಸತ್ಯಗಳ ನಡುವೆ ಶ್ರೇಣಿಯಿದೆ ಎಂಬ ಮಾತು ಬರುತ್ತದೆ. ಅದನ್ನು ಹಿಡಿದುಕೊಂಡು, ಕೆಳಗಿನ ಸತ್ಯಗಳನ್ನು ಬಿಡಬಹುದೆಂದು ವಾದಿಸುವವರಿದ್ದಾರೆ. ಅಲ್ಲಿ ಹೇಳಿರುವುದು ವಿಶ್ವಾಸದ ಅಡಿಪಾಯದೊಂದಿಗೆ ಆಯಾ ಸತ್ಯಕ್ಕಿರುವ ಸಂಬಂಧವನ್ನು. ಮಾತೆ ಮರಿಯಳ ಸ್ವರ್ಗಸ್ವೀಕಾರ ನಮಗೆ ಅರ್ಥವಾಗುವುದು ಕ್ರಿಸ್ತರ ಪುನರುತ್ಥಾನದ ಬೆಳಕಿನಲ್ಲಿ, ಪುನರುತ್ಥಾನವೇ ಮೂಲ. ಆದರೆ ಎರಡೂ ನಿಜ, ಎರಡನ್ನೂ ನಂಬಬೇಕು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ‘ವಿಧೇಯತೆ’ಯ ಕುರಿತ ವಿವರಣೆ ನನಗೆ ತುಂಬ ನೆರವಾಯಿತು. ಇದರ ಜೊತೆಗೆ ಇನ್ನೊಂದನ್ನು ಕೇಳಲೇಬೇಕು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ನಮ್ಮ ಗುಂಪಿನ ಮುಖ್ಯ ಪಠ್ಯ. ಅದರ 2267ನೇ ಪರಿಚ್ಛೇದ ಮರಣದಂಡನೆಯನ್ನು ಕುರಿತದ್ದು. ನನ್ನ ಬಳಿ ಇರುವ ಹಳೆಯ ಪ್ರತಿಯಲ್ಲಿ ಒಂದು ಬಗೆ, ಹೊಸದರಲ್ಲಿ ಇನ್ನೊಂದು ಬಗೆ ಇದೆ. ಬೋಧನೆ ಬದಲಾಗುವುದಾದರೆ, ಮೇಲೆ ಹೇಳಿದ ವಿಧೇಯತೆ ಯಾವುದಕ್ಕೆ?

ಉತ್ತರ 3

ಇದು ನ್ಯಾಯವಾದ ಪ್ರಶ್ನೆ. ಇದನ್ನು ಕೇಳಿದ್ದಕ್ಕೆ ಸಂಕೋಚಪಡಬೇಡಿ. ಮೊದಲು ಧರ್ಮೋಪದೇಶ ಗ್ರಂಥದ ಸ್ಥಾನವನ್ನು ತಿಳಿಯೋಣ. 1992ರ ಅಕ್ಟೋಬರ್ 11ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಆರಂಭವಾದ ಮೂವತ್ತನೇ ವರ್ಷದ ದಿನ, ಎರಡನೇ ಜಾನ್ ಪೌಲ್ ಅವರು ಅದನ್ನು ವಿಶ್ವಾಸವನ್ನು ಕಲಿಸಲು ಖಚಿತವಾದ ಆಧಾರವೆಂದು ಧರ್ಮಸಭೆಗೆ ಕೊಟ್ಟರು. ಆದರೆ ಅದರ 2865 ಪರಿಚ್ಛೇದಗಳಲ್ಲಿ ಒಂದೊಂದಕ್ಕೂ ಇರುವ ಬಲ, ಆ ಬೋಧನೆಗೆ ಅದರ ಮೂಲದಲ್ಲಿ ಮೊದಲೇ ಇದ್ದ ಬಲವೇ ಹೊರತು ಗ್ರಂಥದಲ್ಲಿ ಸೇರಿದ್ದರಿಂದ ಬಂದ ಹೊಸ ಬಲವಲ್ಲ. ಪುಟದ ಕೆಳಗಿನ ಅಡಿಟಿಪ್ಪಣಿಗಳನ್ನು ದಾಟಿ ಓದುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ದಯವಿಟ್ಟು ಅವನ್ನು ಓದಿ.

ಈಗ ಮರಣದಂಡನೆ. 1992ರ ಪಾಠವು ಅತ್ಯಂತ ಗಂಭೀರ ಪ್ರಕರಣಗಳಲ್ಲಿ ಅದನ್ನು ಹೊರಗಿಟ್ಟಿರಲಿಲ್ಲ. 1995ರಲ್ಲಿ ‘ಎವಾಂಜೇಲಿಯುಂ ವೀತೆ’ ಪರಿಪತ್ರ ಬಂದು, ಅಂಥ ಪ್ರಕರಣಗಳು ಈಗ ತೀರ ವಿರಳ, ವಾಸ್ತವದಲ್ಲಿ ಇಲ್ಲವೆಂದೇ ಹೇಳಬಹುದು ಎಂದಿತು. 1997ರ ಅಧಿಕೃತ ಲತೀನ್ ಆವೃತ್ತಿ ಆ ಮಾತನ್ನು ಒಳಗೆ ತಂದುಕೊಂಡಿತು. 2018ರಲ್ಲಿ ಪೋಪ್ ಫ್ರಾನ್ಸಿಸ್ ಅವರು, ಶುಭಸಂದೇಶದ ಬೆಳಕಿನಲ್ಲಿ ಮರಣದಂಡನೆ ಒಪ್ಪತಕ್ಕದ್ದಲ್ಲ, ಏಕೆಂದರೆ ಅದು ವ್ಯಕ್ತಿಯ ಘನತೆಯ ಮೇಲಿನ ಆಕ್ರಮಣ ಎಂದು ಪಾಠವನ್ನು ಬದಲಿಸಿದರು. ಘೋರ ಅಪರಾಧ ಮಾಡಿದವನೂ ತನ್ನ ಘನತೆಯನ್ನು ಕಳೆದುಕೊಳ್ಳುವುದಿಲ್ಲ ಎಂಬ ಅರಿವು, ಶಿಕ್ಷೆಯ ಅರ್ಥದ ಬಗ್ಗೆ ಮೂಡಿರುವ ಹೊಸ ತಿಳಿವಳಿಕೆ, ಜನರನ್ನು ರಕ್ಷಿಸಬಲ್ಲ ಸುಭದ್ರ ಸೆರೆಮನೆಗಳು, ಇವು ಅಲ್ಲಿ ಕೊಟ್ಟಿರುವ ಕಾರಣಗಳು. ಇದು ಹಿಂದಿನ ಬೋಧನೆಯ ಬೆಳವಣಿಗೆಯೇ ಹೊರತು ವಿರೋಧವಲ್ಲ ಎಂದು ಆಯೋಗವು ಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ತಿಳಿಸಿತು.

ಆ ಬೆಳವಣಿಗೆಯನ್ನು ಎಲ್ಲ ದೈವಶಾಸ್ತ್ರಜ್ಞರೂ ಒಂದೇ ರೀತಿ ವಿವರಿಸುತ್ತಿಲ್ಲ, ಅದನ್ನು ಮುಚ್ಚಿಡಬೇಕಾಗಿಲ್ಲ. 2018ರ ಪಾಠವು ಮರಣದಂಡನೆಯನ್ನು ಸ್ವಭಾವತಃ ಕೆಡುಕು ಎಂದು ಕರೆಯದೆ ‘ಒಪ್ಪತಕ್ಕದ್ದಲ್ಲ’ ಎಂಬ ಬೇರೆಯೇ ಪದವನ್ನು ಆರಿಸಿಕೊಂಡಿತು. ಚರ್ಚೆಯೆಲ್ಲ ಆ ಪದದ ಸುತ್ತಲೇ ಇದೆ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಗುರುತುಗಳನ್ನು ಇಲ್ಲಿಗೆ ಅನ್ವಯಿಸಿ ನೋಡಿ. ಮೂರು ಪೋಪರ ಕಾಲದಲ್ಲಿ ಮಾತು ಒಂದೇ ದಿಕ್ಕಿಗೆ ಸಾಗಿದೆ. 2020ರ ‘ಫ್ರಾತೆಲ್ಲಿ ತುತ್ತಿ’ ಪರಿಪತ್ರ ಅದನ್ನು ಮತ್ತೆ ಹೇಳಿ, ಇಲ್ಲಿಂದ ಹಿಂದೆ ಸರಿಯುವ ಮಾತಿಲ್ಲ ಎಂದಿತು. 2024ರ ‘ದಿಞಿತಾಸ್ ಇನ್ಫಿನೀತ’ ಘೋಷಣೆಯೂ ಅದನ್ನೇ ಹೇಳಿತು. ಇದನ್ನು ಒಬ್ಬ ಪೋಪರ ಖಾಸಗಿ ಒಲವೆಂದು ಬದಿಗಿಡಲು ಆಗದು. ಮುಂದಕ್ಕೆ ಸಾಗುತ್ತಿರುವ ಬೋಧನೆಯ ಜೊತೆ ಹೆಜ್ಜೆಹಾಕುವುದು, ಪದಗಳ ಬಗ್ಗೆ ಪ್ರಾಮಾಣಿಕವಾಗಿ ಪ್ರಶ್ನಿಸುತ್ತಿರುವುದು, ಎರಡೂ ವಿಧೇಯತೆಯೊಳಗೇ ಸಾಧ್ಯವೆಂದು ನಾನು ನಂಬುತ್ತೇನೆ.

ದೇವರ ವಾಕ್ಯವನ್ನು ಕುರಿತ ಎರಡನೇ ವ್ಯಾಟಿಕನ್ ಮಹಾಸಭೆಯ ‘ದೇಯಿ ವೆರ್ಬುಂ’ ಸಂವಿಧಾನದ 10ನೇ ಪರಿಚ್ಛೇದವನ್ನೂ ಓದಿ. ಬೋಧನಾಧಿಕಾರವು ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವೆಯಲ್ಲಿರುವುದು ಎಂದು ಅಲ್ಲಿದೆ. ನಿಮ್ಮ ಗುಂಪಿನ ಇಬ್ಬರಿಗೂ ಒಟ್ಟಿಗೆ ಓದಿಹೇಳಬಹುದಾದ ಪರಿಚ್ಛೇದವೊಂದಿದ್ದರೆ ಅದು ಇದೇ.

ಪ್ರಶ್ನೆ ಕೇಳಿದವರಿಂದ

ಮುಂದಿನ ಸಭೆಗೆ ‘ಲೂಮೆನ್ ಜೆಂಸಿಯುಂ’ 25 ಮತ್ತು ‘ದೇಯಿ ವೆರ್ಬುಂ’ 10ನ್ನು ಜೊತೆಯಾಗಿ ಓದಲು ಕೇಳಿಕೊಳ್ಳುತ್ತೇನೆ. ಕೊನೆಯದಾಗಿ ಒಂದು ಸಣ್ಣ ಸಂದೇಹ: ಒಂದು ದೇಶದ ಧರ್ಮಾಧ್ಯಕ್ಷರ ಮಂಡಳಿ ಹೊರಡಿಸುವ ದಾಖಲೆಗಳ ಸ್ಥಾನವೇನು?

ಉತ್ತರ 1

1998ರ ‘ಅಪೋಸ್ತೊಲೊಸ್ ಸುವೊಸ್’ ಎಂಬ ಮೋತು ಪ್ರೊಪ್ರಿಯೊ ಇದನ್ನು ನಿರ್ಧರಿಸಿದೆ. ಮಂಡಳಿಯ ಬೋಧನಾ ಘೋಷಣೆಯು ಅಧಿಕೃತವೆನಿಸಬೇಕಾದರೆ ಅದರ ಧರ್ಮಾಧ್ಯಕ್ಷ ಸದಸ್ಯರೆಲ್ಲರೂ ಒಮ್ಮತದಿಂದ ಒಪ್ಪಿರಬೇಕು. ಒಮ್ಮತವಿಲ್ಲದಿದ್ದರೆ ಕನಿಷ್ಠ ಮೂರನೇ ಎರಡರಷ್ಟು ಬಹುಮತದ ಜೊತೆಗೆ ಪವಿತ್ರ ಪೀಠದ, ಅಂದರೆ ರೋಮಿನಲ್ಲಿರುವ ಪೋಪರ ಆಡಳಿತದ, ಅನುಮೋದನೆಯೂ ಬೇಕು. ಮಂಡಳಿಯ ಸಮಿತಿಯೊಂದು ತಾನಾಗಿ ಹೊರಡಿಸಿದ ಕೈಪಿಡಿಗೆ ಈ ಸ್ಥಾನವಿಲ್ಲ. ಆದ್ದರಿಂದ ಅಂಥ ದಾಖಲೆ ಕೈಗೆ ಬಂದಾಗ, ಅದನ್ನು ಯಾರು, ಯಾವ ರೀತಿಯಲ್ಲಿ ಅಂಗೀಕರಿಸಿದರೆಂದು ಮೊದಲ ಪುಟದಲ್ಲೇ ನೋಡಿಕೊಳ್ಳಿ.