ಸುಣ್ಣಕಲ್ಲು ತೆಗೆದ ಹೊಲದಲ್ಲಿ ಮಾವು ಹಳದಿಯಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ (ರೈತ, ಲೋಕಾಪುರ ಭಾಗ): ನಮಸ್ಕಾರ ಮೇಡಂ. ಸುಣ್ಣಕಲ್ಲು ತೆಗೆಯಲು ಮೂರು ಎಕರೆ ಗುತ್ತಿಗೆ ಕೊಟ್ಟಿದ್ದೆವು. ಅವರು ಹೋದ ಮೇಲೆ ಉಳಿದದ್ದು ಒಂದು ಹೊಂಡ, ಪಕ್ಕದಲ್ಲಿ ಕಲ್ಲುಮಣ್ಣಿನ ದಿಬ್ಬ. ಒಂದಿಷ್ಟು ಸಮತಟ್ಟು ಮಾಡಿಸಿ ಮಾವು, ಪೇರಲ ಹಚ್ಚಿದೆವು. ಹೊಂಡದ ನೀರು ಕೊಡುತ್ತಿದ್ದೇವೆ. ಆದರೂ ಚಿಗುರೆಲ್ಲ ಹಳದಿ, ಅರ್ಧದಷ್ಟು ಗಿಡ ಒಣಗಿವೆ. ಯೂರಿಯಾ ಹಾಕಿದರೂ ಪ್ರಯೋಜನವಾಗಲಿಲ್ಲ. ಬೇರೆ ಯಾವ ಗಿಡ ಹಚ್ಚಬೇಕು?

ಉತ್ತರ (ಮಣ್ಣು ತಜ್ಞೆ): ನಮಸ್ಕಾರ ಅಣ್ಣಾ. ಗಿಡದ ಹೆಸರು ಆಮೇಲೆ. ಮೊದಲು ಒಂದು ಹಳದಿ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ನರಗಳು ಹಸಿರಾಗಿಯೇ ಇದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ, ಅದೂ ಎಳೆ ಎಲೆಯಲ್ಲೇ ಮೊದಲು ಕಂಡಿದ್ದರೆ, ಕೊರತೆ ಕಬ್ಬಿಣದ್ದು. ಸಾರಜನಕದ್ದಾಗಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು ಬಿಳಚುತ್ತಿದ್ದವು. ಒಂದು ಹಿಡಿ ಮಣ್ಣಿನ ಮೇಲೆ ಲಿಂಬೆರಸ ಹಿಂಡಿ. ನೊರೆಯೆದ್ದರೆ ಅದರಲ್ಲಿ ಸುಣ್ಣ ತುಂಬಿದೆ. ಅಂಥ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ರಂಜಕವೂ ಸಿಕ್ಕಿಹಾಕಿಕೊಳ್ಳುತ್ತದೆ. ಸುಣ್ಣಕಲ್ಲಿನ ಹೊಂಡದ ನೀರು ಗಡಸು. ಅದನ್ನು ಉಣಿಸಿದಷ್ಟೂ ಹಳದಿ ಹೆಚ್ಚುತ್ತದೆ.

ಬದುಕಿರುವ ಗಿಡಗಳಿಗೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಅನ್ನಭೇದಿಯನ್ನು ಮಣ್ಣಿಗೆ ಹಾಕಿದರೆ ಸುಣ್ಣ ಅದನ್ನೂ ನುಂಗುತ್ತದೆ. ಇದು ಸದ್ಯದ ಉಪಾಯ ಅಷ್ಟೆ.

ನಿಜವಾದ ಕೆಲಸ ನೆಲದ್ದು. ಹೊಸ ಮರಗಳನ್ನು ಎರಡು ವರ್ಷ ಮುಂದೂಡಿ. ಅಗೆಯುವಾಗ ಮೊದಲು ತೆಗೆದ ಒಳ್ಳೆಯ ಮಣ್ಣು ಸಾಮಾನ್ಯವಾಗಿ ದಿಬ್ಬದ ತಳ ಸೇರಿರುತ್ತದೆ, ಕೊನೆಯ ಕಲ್ಲುಪುಡಿ ನೆತ್ತಿಯ ಮೇಲೆ. ಸಮತಟ್ಟು ಮಾಡುವವರು ನೆತ್ತಿಯದನ್ನೇ ಎಳೆದು ಹರಡುತ್ತಾರೆ. ಜೆಸಿಬಿ ಓಡಾಡಿ ಗಟ್ಟಿಯಾದ ನೆಲವನ್ನು ಆಳವಾಗಿ ಸೀಳಿಸಿ, ದಿಬ್ಬದ ತಳದ ಮಣ್ಣನ್ನು ಹುಡುಕಿ ತೆಗೆದು ಅರ್ಧ ಅಡಿಯಾದರೂ ಹರಡಿ. ಗೊಬ್ಬರಕ್ಕೆ ಪ್ರೆಸ್‌ಮಡ್, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ, ಹಾಕಿ; ಮುಧೋಳದ ಕಡೆಯವರಿಗೆ ಅದನ್ನು ಹುಡುಕುವ ಕಷ್ಟವಿಲ್ಲ. ಆದರೆ ರಸ ತಿಳಿಮಾಡಲು ಗಂಧಕ ಬಳಸುವ ಕಾರ್ಖಾನೆಯದೇ ಎಂದು ಕೇಳಿ ತನ್ನಿ. ಕಾರ್ಬನೇಷನ್ ವಿಧಾನದ್ದಾದರೆ ಅದರ ತುಂಬ ಸುಣ್ಣ, ನಿಮಗೆ ಬೇಡವೇ ಬೇಡ. ಹಸಿಯಾಗಿ ಹಾಕಿದರೆ ಕಾವೇರುತ್ತದೆ, ಕೊಳೆಯಿಸಿಯೇ ಹಾಕಿ.

ಮೃಗಶಿರಾ ಮಳೆ ಹಿಡಿದಾಗ ಅಂಜನ ಹುಲ್ಲು, ಸ್ಟೈಲೋ ಹಮಾಟಾ (ದ್ವಿದಳ ಜಾತಿಯ ಮೇವಿನ ಗಿಡ), ಹುರುಳಿ ಬೆರೆಸಿ ಚೆಲ್ಲಿ. ಹುರುಳಿ ಬೇಗ ನೆಲ ಮುಚ್ಚುತ್ತದೆ, ಹುಲ್ಲಿನ ಬೇರು ಪುಡಿಮಣ್ಣನ್ನು ಹಿಡಿದಿಡುತ್ತದೆ. ಮೊದಲ ವರ್ಷ ದನ ಬಿಡಬೇಡಿ, ಬೀಜ ಉದುರಿದ ಮೇಲೆ ಕೊಯ್ದು ದನಕ್ಕೆ ಹಾಕಿ. ಆಮೇಲೆ ಬೇವು, ಬಾರಿ (ಬೋರೆ), ಕಮರ, ಸೀತಾಫಲದ ಗಿಡ ಹಚ್ಚಿ. ಸೀತಾಫಲದ ಎಲೆಗೆ ಆಡು ಬಾಯಿ ಹಾಕುವುದಿಲ್ಲ, ನಮ್ಮ ಕಡೆ ಇದು ಸಣ್ಣ ಗುಣವಲ್ಲ.

ಸದಸ್ಯ (ಬಾದಾಮಿ): ಇಷ್ಟೆಲ್ಲ ಏಕೆ ಮೇಡಂ? ಬಳ್ಳಾರಿ ಜಾಲಿ ಚೆಲ್ಲಿದರೆ ನೀರೂ ಬೇಡ, ಕಾವಲೂ ಬೇಡ.

ಉತ್ತರ: ಹಸಿರು ಕಾಣುತ್ತದೆ, ನಿಜ. ಅದರ ಬುಡದಲ್ಲಿ ಹುಲ್ಲು ಏಳುವುದೇ ಕಷ್ಟ. ಕಾಯಿ ತಿಂದ ಕುರಿಗಳು ಬೀಜವನ್ನು ಅಕ್ಕಪಕ್ಕದ ಹೊಲಕ್ಕೂ ಮುಟ್ಟಿಸುತ್ತವೆ. ಆಮೇಲೆ ಕೀಳಿಸುವ ಖರ್ಚು ಯಾರದು? ನಾನಂತೂ ಹೇಳುವುದಿಲ್ಲ.

ಸದಸ್ಯೆ (ಇಳಕಲ್): ನಮ್ಮಲ್ಲಿ ಗ್ರಾನೈಟ್‌ನ ಒಡಕು ಬಂಡೆಗಳ ರಾಶಿ. ಅಲ್ಲಿಗೂ ಇದೇ ಕ್ರಮವೇ?

ಉತ್ತರ: ಇಲ್ಲ ಅಕ್ಕಾ. ಅಲ್ಲಿ ಸುಣ್ಣದ ಕಾಟವಿಲ್ಲ, ಮಣ್ಣೇ ಇಲ್ಲ. ಇಡೀ ರಾಶಿ ಮುಚ್ಚಲು ಹೋಗಬೇಡಿ. ಬಂಡೆಗಳ ಸಂದಿಗೆ ಸಣ್ಣ ಕಲ್ಲು ತುಂಬಿ, ಮೇಲೆ ಮಣ್ಣುಗೊಬ್ಬರ ಹಾಕಿ, ಅಷ್ಟರಲ್ಲೇ ಬೀಜ ಊರಿ. ಅಲುಗಾಡುವ ಬಂಡೆ ಇರುವ ಕಡೆ ಹತ್ತಲೇಬೇಡಿ.

ಪ್ರಶ್ನೆ ಕೇಳಿದ ರೈತ: ಇದನ್ನೆಲ್ಲ ಗುತ್ತಿಗೆದಾರರು ಮಾಡಿಕೊಡಬೇಕಿರಲಿಲ್ಲವೇ?

ಉತ್ತರ: ಗಣಿಗಾರಿಕೆಯಿಂದ ಕೆಟ್ಟ ಜಾಗದಲ್ಲಿ ಗುತ್ತಿಗೆದಾರರೇ ಮತ್ತೆ ಹುಲ್ಲು ಬೆಳೆಸಿ, ನೆಲವನ್ನು ಮೇವಿಗೆ ಯೋಗ್ಯ ಮಾಡಬೇಕೆಂಬ ಷರತ್ತು ಹಾಕುವಂತೆ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿದೆ. ಗಮನಿಸಿ, ನ್ಯಾಯಾಲಯವೂ ಹುಲ್ಲಿನಿಂದಲೇ ಶುರುಮಾಡಿದೆ. ನಿಮ್ಮ ಗುತ್ತಿಗೆಗೆ ಯಾವ ಷರತ್ತು ಇದೆ ಎಂದು ಪತ್ರ ತೆಗೆದು ನೋಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ದಿಬ್ಬಕ್ಕೆ ಕೈ ಹಾಕುವ ಮುನ್ನ ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ.